ಐದು ಸಾವಿರದ ನಲವತ್ತು, ಮೇಲೊಂದು

ನನ್ನ ಮದುವೆಯ ದಿನ ಇಡೀ ಮಂಟಪ ಒಂದು ಸಂಖ್ಯೆಯನ್ನು ನೋಡಿ ನಕ್ಕಿತು. ಸಂಖ್ಯೆಯನ್ನು ನೋಡಿ ಯಾರಾದರೂ ನಗುತ್ತಾರೆಯೇ ಅನ್ನಬೇಡಿ. ಆ ಸಂಖ್ಯೆ ಸೀರೆಯಾಗಿ ಹಿತ್ತಾಳೆ ತಟ್ಟೆಯಲ್ಲಿ ಕೂತಿದ್ದರೆ, ಅದರ ಪಕ್ಕದಲ್ಲಿ ಹೆಣ್ಣು ಹೆತ್ತ ಅಪ್ಪ ಎದೆಯುಬ್ಬಿಸಿಕೊಂಡು ನಿಂತಿದ್ದರೆ, ಚೆನ್ನಾಗಿಯೇ ನಗುತ್ತಾರೆ. ಅದನ್ನು ಹೇಳುವ ಮೊದಲು ಆ ಸಂಖ್ಯೆ ನಮ್ಮ ಮನೆಗೆ ಏನಾಗಬೇಕಿತ್ತು ಅನ್ನುವುದನ್ನು ಹೇಳಿಬಿಡುತ್ತೇನೆ.

ಅಪ್ಪ ಕೈಮಗ್ಗದವರು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ನಮ್ಮ ಬೀದಿಯ ಮನೆಮನೆಗೂ ಪವರ್‌ಲೂಮ್ ಬಂದಿತ್ತು. ಕರೆಂಟು ಇದ್ದಷ್ಟು ಹೊತ್ತೂ ಬೀದಿ ದಡಬಡ ಅನ್ನುತ್ತಿತ್ತು. ಕರೆಂಟು ಹೋದಾಗ ನಮ್ಮ ಮನೆಯ ಲಾಳಿಯ ಸದ್ದು ಮಾತ್ರ ಉಳಿಯುತ್ತಿತ್ತು. ಸೀರೆಯ ಉದ್ದಕ್ಕೆ ಹರಿಯುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಅಪ್ಪ ಯಾವ ಸೀರೆಗೆ ಹಾಸು ಮಾಡಿದರೂ ಎಳೆ ಐದು ಸಾವಿರದ ನಲವತ್ತು. ಅದಕ್ಕಿಂತ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ತಾತನೂ ಅಷ್ಟೇ ಹಾಕುತ್ತಿದ್ದರಂತೆ. ಯಾಕೆ ಅಂತ ಅಪ್ಪ ತಾತನನ್ನು ಕೇಳಿರಲಿಲ್ಲ. ದೊಡ್ಡವರನ್ನು ಯಾಕೆ ಅಂತ ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ನನ್ನಿಂದಲೇ ಶುರುವಾದದ್ದು. ಅದರಿಂದ ಯಾರಿಗೆ ಏನು ಲಾಭವಾಯಿತೋ ಕಾಣೆ.

ನಾನಾಗ ಕೊಯಮತ್ತೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಗಣಿತ ಓದುತ್ತಿದ್ದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲೂ ಶಾಲೆಯಲ್ಲೂ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡದ ಅಕ್ಷರ ಮಾತ್ರ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಅದನ್ನು ಕಲಿತದ್ದು ಬಹಳ ಆಮೇಲೆ, ಹಟಕ್ಕೆ ಬಿದ್ದು. ನಮ್ಮ ಬೀದಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅಪ್ಪನ ಹೆಗ್ಗಣ ಕಣಕ್ಕು ಬೇರೆ ಮಾಡುತ್ತಿತ್ತು. ಕಣಕ್ಕು ಅಂದರೆ ಗಣಿತ. ಅಪ್ಪನ ಬಾಯಲ್ಲಿ ಅದು ಯಾವತ್ತೂ ತಮಿಳೇ. ನೂಲು ತರಲು ಹೋದಲ್ಲಿ, ಟೀ ಅಂಗಡಿಯಲ್ಲಿ, ಕ್ಷೌರಕ್ಕೆ ಕೂತಲ್ಲಿ, ಎಲ್ಲಿ ಹೋದರೂ "ನಮ್ ಪಾಪ ಕಣಕ್ಕು ಓದ್ತಾವಳೆ" ಅನ್ನುವ ಮಾತನ್ನು ಹೇಗಾದರೂ ಮಾಡಿ ತೂರಿಸಿಬಿಡುತ್ತಿದ್ದರು. ಬಸ್ಸಿಗೆ ನಿಂತಾಗ ಟೀ ಅಂಗಡಿಯವನು ನನ್ನನ್ನು ನೋಡಿ ಹಲ್ಲು ಬಿಟ್ಟರೆ ನನಗೆ ಗೊತ್ತಾಗುತ್ತಿತ್ತು, ಅಪ್ಪ ಆಗಷ್ಟೇ ಬಂದುಹೋಗಿದ್ದಾರೆ.

ಒಂದು ಭಾನುವಾರ ಮಧ್ಯಾಹ್ನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಅಪ್ಪ ನನ್ನನ್ನು ಕರೆದರು. ಮುದ್ದು ಬಂದಾಗ ನಾನು ಅವರಿಗೆ ಕಣ್ಣು.

"ಏನ್ ಕಣ್ಣು, ಮೊದಲಾಳಿ ಏಳು ಪಟ್ಟೆ ಕೇಳಿದ್ರೂ ನನ್ ಎಳೆ ಸಮವಾಗಿ ಬತ್ತದೆ. ಎಂಟು ಕೇಳಿದ್ರೂ ಬತ್ತದೆ, ಒಂಬತ್ತು ಕೇಳಿದ್ರೂ ಬತ್ತದೆ. ಒಂದೆಳೆನೂ ಮಿಗಾಕಿಲ್ಲ. ಅದೆಂಗೆ?"

ಮೊದಲಾಳಿ ಅಂದರೆ ನೂಲು ಕೊಟ್ಟು ನೇಯಿಸಿಕೊಳ್ಳುವ ಯಜಮಾನರು. ಸೀರೆಯ ಅಗಲಕ್ಕೆ ಎಷ್ಟು ಬಣ್ಣದ ಪಟ್ಟೆ ಬೇಕು ಅನ್ನುವುದು ಅವರ ಮರ್ಜಿ.

ನಾನು ಸೀಮೆಸುಣ್ಣ ತಂದು ಮಗ್ಗದ ಪಕ್ಕದ ನೆಲದ ಮೇಲೆ ಕೂತೆ. ಒಂದರಿಂದ ಏಳರವರೆಗೆ ಒಂದೊಂದನ್ನೇ ಗುಣಿಸುತ್ತಾ ಹೋದೆ: ಎರಡು, ಆರು, ಇಪ್ಪತ್ತನಾಲ್ಕು, ನೂರಿಪ್ಪತ್ತು, ಏಳ್ನೂರಿಪ್ಪತ್ತು, ಐದು ಸಾವಿರದ ನಲವತ್ತು. ಅಪ್ಪ ಲಾಳಿಯನ್ನು ಕೆಳಗಿಟ್ಟರು. ನಾನು ಅದನ್ನು ಅಳಿಸಿ ಏಳರಿಂದ ಹತ್ತರವರೆಗೆ ಗುಣಿಸಿದೆ: ಐವತ್ತಾರು, ಐನೂರನಾಲ್ಕು, ಮತ್ತೆ ಅದೇ ಐದು ಸಾವಿರದ ನಲವತ್ತು. ಅಪ್ಪ ಗುಂಡಿಯಿಂದ ಎದ್ದು ಬಂದು ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಒಂದರಿಂದ ಹತ್ತರವರೆಗೆ ಯಾವುದರಿಂದ ಬೇಕಾದರೂ ಇದನ್ನು ಭಾಗಿಸಬಹುದು, ಹನ್ನೆರಡು, ಹದಿನಾಲ್ಕು, ಹದಿನೈದು, ಹದಿನಾರರಿಂದಲೂ ಆಗುತ್ತದೆ, ಹೀಗೆ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ಅರವತ್ತಿವೆ ಅಂದೆ.

"ಹನ್ನೊಂದು?"

"ಹನ್ನೊಂದರಿಂದ ಆಗಲ್ಲಪ್ಪಾ."

"ಹನ್ನೊಂದು ಪಟ್ಟೆ ಯಾರೂ ಕೇಳಾಕಿಲ್ಲ ಬಿಡು" ಅಂದರು ಅಪ್ಪ. ತಾತ ಬಿಟ್ಟುಹೋದ ಆಸ್ತಿಯಲ್ಲಿ ಇಂಥದ್ದೊಂದು ಇತ್ತು ಅಂತ ಆವತ್ತು ಗೊತ್ತಾದ ಹಾಗೆ ಅವರ ಮುಖ ಅರಳಿತ್ತು. ಆಮೇಲೆ ಕೇಳಿದರು, "ಅದ್ರ ಮೇಲೊಂದು ಆಕಿದ್ರೆ?"

ಅದು ಮುಯ್ಯಿ ಕೊಟ್ಟು ಗೊತ್ತಿರುವವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಕೊಡುವಾಗ ಯಾರೂ ನೂರು ಕೊಡುವುದಿಲ್ಲ, ನೂರೊಂದು ಕೊಡುತ್ತಾರೆ. ಐನೂರು ಕೊಡುವುದಿಲ್ಲ, ಐನೂರೊಂದು. ಬರೀ ನೂರು ಸರಿಯಾಗಿ ಎರಡು ಪಾಲಾಗಿ ಮುಗಿದುಹೋಗುತ್ತದಂತೆ, ಮೇಲಿನ ಆ ಒಂದು ಅದನ್ನು ಮುಗಿಯಗೊಡುವುದಿಲ್ಲವಂತೆ. ಗಂಡಹೆಂಡತಿ ಪಾಲಾಗಬಾರದು ಅನ್ನುವುದು ಒಳಗಿನ ಮಾತು.

ನಾನು ಒಳಗೆ ಹೋಗಿ ಲೆಕ್ಕ ಹಾಕಿದೆ. ಒಂದು ಹೆಚ್ಚಿನದನ್ನೂ, ಕುತೂಹಲಕ್ಕೆ ಒಂದು ಕಮ್ಮಿಯದನ್ನೂ. ಒಂದು ಸಂಖ್ಯೆಯನ್ನು ಬೇರೊಂದು ಭಾಗಿಸುತ್ತದೆಯೇ ಅಂತ ನೋಡಲು ಅದರ ವರ್ಗಮೂಲದವರೆಗೆ ಹುಡುಕಿದರೆ ಸಾಕು, ಅಷ್ಟರೊಳಗೆ ಸಿಗದಿದ್ದರೆ ಅದಕ್ಕಿಂತ ಆಚೆಯೂ ಸಿಗುವುದಿಲ್ಲ. ಲಾಗ್ ಪುಸ್ತಕ ತೆಗೆದು ಐದು ಸಾವಿರದ ನಲವತ್ತರ ವರ್ಗಮೂಲ ನೋಡಿದೆ. ಎಪ್ಪತ್ತು ಚಿಲ್ಲರೆ ಬಂತು, ಎಪ್ಪತ್ತೊಂದಕ್ಕೆ ಕೂದಲೆಳೆಯಷ್ಟು ಕಮ್ಮಿ. ಪಕ್ಕದ ಎರಡು ಸಂಖ್ಯೆಗಳಿಗೂ ಇದೇ ಸಾಕು ಅಂದುಕೊಂಡೆ. ಹನ್ನೊಂದು, ಹದಿಮೂರು, ಹದಿನೇಳು ಅಂತ ಅವಿಭಾಜ್ಯಗಳನ್ನಷ್ಟೇ ಹಿಡಿದು ಒಂದೊಂದರಿಂದಲೇ ಭಾಗಿಸುತ್ತಾ ಅರವತ್ತೇಳರವರೆಗೆ ಬಂದೆ. ಎರಡಕ್ಕೂ ಯಾವುದೂ ಕೂರಲಿಲ್ಲ. ಅಲ್ಲಿಗೆ ನಿಲ್ಲಿಸಿ ಓಡಿಬಂದೆ.

"ಅಪ್ಪಾ, ನಿನ್ನ ಸಂಖ್ಯೆನ ಎಲ್ಲವೂ ಭಾಗಿಸ್ತವೆ. ಮೇಲೊಂದು ಹಾಕಿದ್ರೆ ಯಾವುದೂ ಭಾಗಿಸಲ್ಲ."

ಎಷ್ಟು ಚೆನ್ನಾಗಿತ್ತು ಆ ಮಾತು! ಹೇಳುವಾಗ ನನಗೇ ಮೈ ಜುಮ್ಮೆಂದಿತ್ತು. ಅಪ್ಪ ನಿಜವಾ ಅಂತ ಕೇಳಲಿಲ್ಲ. ನಾನು ಹೇಳಿದ ಯಾವುದಕ್ಕೂ ಅಪ್ಪ ನಿಜವಾ ಅಂತ ಕೇಳಿದವರಲ್ಲ.

ನಾನು ಕೊನೆಯ ವರ್ಷದಲ್ಲಿದ್ದಾಗ ಸಂಬಂಧ ಕೂಡಿಬಂತು. ಹುಡುಗನ ಮನೆಯವರು ನಮ್ಮವರೇ, ಕೊಯಮತ್ತೂರಿನಲ್ಲಿ ನೂಲಿನ ವ್ಯಾಪಾರ. ಮಾತುಕತೆಯ ದಿನ ಅಪ್ಪ ಒಂದೇ ಒಂದು ವಿಷಯ ಕೇಳಿದರು. ಪಾಪ ಎಂ.ಎಸ್‌ಸಿ. ಓದಬೇಕು ಅಂತಿದೆ, ಮದುವೆಯಾದ ಮೇಲೆ ಓದಿಸುತ್ತೀರಾ? ಹುಡುಗನ ತಂದೆ ಒಳ್ಳೆಯವರು, ಆದರೆ ಜಾಗ್ರತೆಯ ಮನುಷ್ಯ. "ಮದುವೆ ಆಗ್ಲಿ ಸಂಬಂದಿ, ಆಮೇಲೆ ಕೂತು ಮಾತಾಡುವಾ" ಅಂದರು. ಅಪ್ಪ ಆ ಮಾತಿಗೆ ಜೋತುಬಿದ್ದರು. ಮದುವೆಯ ದಿನ ಊಟವಾದ ಮೇಲೆ, ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಕೂತಿರುವಾಗ, ನಾಲ್ಕು ಜನ ದೊಡ್ಡವರ ಎದುರಿಗೆ ಕೇಳಿಬಿಡುವುದು ಅಂತ ತೀರ್ಮಾನ ಮಾಡಿಕೊಂಡರು. ಅಷ್ಟರೊಳಗೆ ಇವಳು ಓದಿಸುವುದಕ್ಕೆ ತಕ್ಕವಳು ಅಂತ ಅವರಿಗೆ ಕಾಣಬೇಕು. ಅದಕ್ಕೆ ನೇಯುವವನ ಹತ್ತಿರ ಏನಿದೆ? ಮಗ್ಗ ಇದೆ.

ಹೆಣ್ಣಿಗೆ ತವರಿನಿಂದ ಕೊಡುವ ಸೀರೆಯನ್ನು ಅಪ್ಪ ತಾವೇ ನೇಯಲು ಕೂತರು. ಅರಿಶಿನ ಬಣ್ಣದ ನೂಲು. ಮಗ್ಗದ ಹಣಿಗೆಯ ಒಂದೊಂದು ಸಂದಿನಲ್ಲಿ ಎರಡೆರಡು ಎಳೆ ಹೋಗುವುದು ಕ್ರಮ. ಅಪ್ಪ ಐದು ಸಾವಿರದ ನಲವತ್ತು ಎಳೆಯನ್ನೂ ಹಾಗೇ ಕೂರಿಸಿ, ಸರಿಯಾಗಿ ನಡುವಿನಲ್ಲಿ ಕುಂಕುಮದ ಕೆಂಪಿನ ಇನ್ನೊಂದು ಎಳೆಯನ್ನು ಒಂದು ಸಂದಿನಲ್ಲಿ ಒಂಟಿಯಾಗಿ ಬಿಟ್ಟರು. ಸೀರೆಯ ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಗೆರೆ.

"ಮದುವೆ ಸೀರೆಗೆ ಒಂಟಿ ಎಳೆಯಾ? ಬುದ್ಧಿ ನೆಟ್ಟಗಿದ್ಯಾ ನಿನಗೆ?" ಅಂತ ಅಮ್ಮ ರೇಗಿದಳು.

"ನಿನಗೇನ್ ಗೊತ್ತು, ಇದು ಪಾಪನ್ ಕಣಕ್ಕು" ಅಂದರು ಅಪ್ಪ.

ನಾನು ಅಲ್ಲೇ ಇದ್ದೆ. ನಾಚಿಕೊಂಡು ನಗುತ್ತಾ ಇದ್ದೆ. ಇನ್ನೊಂದು ಸಲ ಲೆಕ್ಕ ನೋಡೋಣ ಅಂತ ನನಗೆ ತೋಚಲೇ ಇಲ್ಲ.

ಮದುವೆಯ ದಿನ ಮುಹೂರ್ತ ಮುಗಿದ ಮೇಲೆ ಹೆಣ್ಣಿನ ಮನೆಯ ಸೀರು, ಅಂದರೆ ತವರಿನ ಉಡುಗೊರೆ, ಬಂತು. ತಟ್ಟೆಗಳಲ್ಲಿ ಹಣ್ಣು, ತೆಂಗಿನಕಾಯಿ, ಪಾತ್ರೆ, ಬಟ್ಟೆ. ದೊಡ್ಡವರೊಬ್ಬರು ಒಂದೊಂದು ತಟ್ಟೆಯನ್ನೂ ಎತ್ತಿ ಇದು ಇಂಥದ್ದು ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ಸೀರೆಯ ತಟ್ಟೆ ಬಂದಾಗ ಅಪ್ಪ ಅವರ ಕೈಯಿಂದ ಅದನ್ನು ತಾವೇ ತೆಗೆದುಕೊಂಡರು. ನಾಲ್ಕು ಜನರ ಎದುರು ಬಾಯಿ ತೆರೆಯದ ಮನುಷ್ಯ. ಟೀ ಅಂಗಡಿಯ ಮಾತು ಬೇರೆ, ಮಂಟಪದ ಮಾತು ಬೇರೆ. ಆವತ್ತು ಮಾತಾಡಿದರು.

"ಇದ್ರಲ್ಲಿ ಐದು ಸಾವಿರದ ನಲವತ್ತು ಎಳೆ. ಮೇಲೊಂದು. ಈ ಕಣಕ್ಕು ಕಂಡುಹಿಡಿದವಳು ನನ್ ಮಗಳು. ಇದನ್ನ ಎರಡು ಪಾಲು ಮಾಡಾಕಾಗಲ್ಲ, ಮೂರು ಮಾಡಾಕಾಗಲ್ಲ, ಯಾವ ಸಂಖ್ಯೆಯಿಂದ್ಲೂ ಪಾಲು ಮಾಡಾಕಾಗಲ್ಲ. ಇವರ ಬಾಳೂ ಅಂಗೇ ಇರ್ಲಿ."

ತಮಿಳಿನವರೂ ಬಂದಿದ್ದರಲ್ಲ, ಅದನ್ನೇ ತಮಿಳಿನಲ್ಲೂ ಹೇಳಿದರು. ಜನ ಭೇಷ್ ಅಂದರು. ನನ್ನ ಮಾವನವರು ತಲೆಯಾಡಿಸಿದ್ದನ್ನು ನಾನು ಕಣ್ಣಂಚಿನಲ್ಲೇ ನೋಡಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಸೀರೆಯ ಕಡೆ ಬಗ್ಗಿ ಆ ಗೆರೆಯನ್ನು ಹುಡುಕುತ್ತಿದ್ದರು. ಅಷ್ಟರಲ್ಲಿ ಗಂಡಿನ ಚಿಕ್ಕಪ್ಪ ಎದ್ದರು. ಅವರು ಕಿಣತ್ತುಕಡವಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು, ಎಲ್ಲರೂ ಅವರನ್ನು ವಾತ್ಯಾರ್ ಅನ್ನುತ್ತಿದ್ದರು. ಸಂಖ್ಯೆ ಅಂದರೆ ಅವರಿಗೆ ಪ್ರಾಣ. ಅಪ್ಪ ಮಾತಾಡುತ್ತಿದ್ದಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಈಗ ಕಣ್ಣು ತೆರೆದು, ದಾರಿಯಲ್ಲಿ ಬಿದ್ದಿದ್ದ ಏನನ್ನೋ ಕಂಡ ಖುಷಿಯಲ್ಲಿ ಕೂಗಿದರು.

"ಎಪ್ಪತ್ತೊಂದು! ಎಪ್ಪತ್ತೊಂದು ಸಲ ಎಪ್ಪತ್ತೊಂದು! ಸರಿಯಾಗಿ ಬತ್ತದೆ!"

ಅವರ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದಿರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳುತ್ತೇನೆ. ಆದರೆ ಮದುವೆಮನೆಯಲ್ಲಿ ಬೀಗರು ಬೀಗರನ್ನು ಕಿಚಾಯಿಸುವುದು ಪದ್ಧತಿ. ಬಾಯಿಗೆ ಬಿದ್ದದ್ದನ್ನು ಬಿಡುತ್ತಾರೆಯೇ? "ಅಂಗಾದ್ರೆ ಎಪ್ಪತ್ತೊಂದು ಕರ್ಚೀಫ್ ಮಾಡಿ, ಆಳಿಗೊಂದು ಹಂಚಿ!" ಅಂದ ಒಬ್ಬ. "ಇನ್ನೊಂದು ಎಳೆ ಸಾಲ ತರ್ಬೇಕಿತ್ತು ಸಂಬಂದಿ" ಅಂದ ಇನ್ನೊಬ್ಬ. ಮಂಟಪ ಗೊಳ್ಳೆಂದಿತು.

ನಾನು ಮನಸ್ಸಿನಲ್ಲೇ ಎಪ್ಪತ್ತೊಂದನ್ನು ಎಪ್ಪತ್ತೊಂದರಿಂದ ಗುಣಿಸಿದೆ. ಐದು ಸಾವಿರದ ನಲವತ್ತೊಂದು. ಅರವತ್ತೇಳರಲ್ಲಿ ನಿಲ್ಲಿಸಿದ್ದೆನಲ್ಲ, ಅದರ ಮುಂದಿನ ಅವಿಭಾಜ್ಯವೇ ಅದು. ಐದು ಸಾವಿರದ ನಲವತ್ತರ ವರ್ಗಮೂಲ ಎಪ್ಪತ್ತೊಂದಕ್ಕೆ ಕೂದಲೆಳೆಯಷ್ಟು ಕಮ್ಮಿ ಅಂತ ಕಂಡವಳಿಗೆ, ಒಂದು ಸೇರಿಸಿದರೆ ಆ ಕೂದಲೆಳೆ ತುಂಬಿಬಿಡಬಹುದು ಅಂತ ಹೊಳೆದಿರಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನುತ್ತಾರೆ, ನನಗೆ ಆ ನೆಲವೂ ಸಾಲದು ಅನ್ನಿಸಿತು.

ಅಪ್ಪ ತಟ್ಟೆ ಹಿಡಿದುಕೊಂಡೇ ನಗುವಿಗೆ ನಗು ಸೇರಿಸಿದರು. ಆಮೇಲೆ ಒಂದು ಕೈ ಮೇಲೆತ್ತಿ ಅಂದರು, "ತಪ್ಪು ನಂದೇ. ಪಾಪ ಸರಿಯಾಗೇ ಹೇಳಿದ್ಲು. ನೇಯೋನ ಮಂಡೆ, ನಾನೇ ಅರ್ಥ ಮಾಡ್ಕೊಳ್ಳಲಿಲ್ಲ."

ಜನ ಇನ್ನೂ ನಕ್ಕರು. ಓದುಬರಹ ಇಲ್ಲದವನಿಗೆ ಇದೆಲ್ಲ ಯಾಕೆ ಅನ್ನುವ ನಗು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಮೊದಲಿನಿಂದಲೂ. ಮದುಮಗಳು ಬಾಯಿ ತೆರೆಯಬಾರದು ಅನ್ನುವುದನ್ನೂ ಮರೆತು ಮಣೆಯ ಮೇಲಿಂದಲೇ ಗಟ್ಟಿಯಾಗಿ ಹೇಳಿದೆ.

"ಇಲ್ಲ. ತಪ್ಪು ನನ್ನದು. ಭಾಗಿಸೋಕಾಗಲ್ಲ ಅಂತ ನಾನೇ ಹೇಳಿದ್ದು. ಅಪ್ಪ ನಾನು ಹೇಳಿದ್ದನ್ನೇ ನೇಯ್ದಿದ್ದು."

ನಗು ಗಕ್ಕನೆ ನಿಂತಿತು. ವಾತ್ಯಾರರ ಮುಖ ಸಪ್ಪೆಯಾಯಿತು. "ಅಯ್ಯೋ, ಅದೇನ್ ದೊಡ್ಡದಲ್ಲಮ್ಮಾ, ಎಪ್ಪತ್ತೊಂದರ ವರ್ಗ ತಾನೆ, ಹತ್ತನೇ ಕ್ಲಾಸ್ ಮಕ್ಕಳೂ ಹಾಕ್ತವೆ" ಅಂತ ನನ್ನನ್ನು ಸಮಾಧಾನ ಮಾಡಲು ಹೋಗಿ ಗಾಯಕ್ಕೆ ಉಪ್ಪು ಸವರಿದರು. ಹೆಂಗಸರ ಸಾಲಿನಲ್ಲಿ ಯಾರೋ ಮೆಲ್ಲಗೆ, "ಇದಕ್ಕಾ ಅಷ್ಟೊಂದು ಪಡಿಪ್ಪು?" ಅಂದರು. ಅಷ್ಟೊಂದು ಓದು ಯಾಕೆ ಬೇಕಿತ್ತು ಅಂತ.

ನಾನು ಅಪ್ಪನ ಕಡೆ ನೋಡಿದೆ. ಅವರ ಮಾನ ಉಳಿಸಿದೆ ಅಂದುಕೊಂಡು ನೋಡಿದೆ. ಅಪ್ಪನ ಮುಖದಲ್ಲಿ ಅಲ್ಲಿಯವರೆಗೆ ಇದ್ದ ನಗು ಆಗ ಹೋಯಿತು. ಜನ ಅವರನ್ನು ದಡ್ಡ ಅಂದಾಗ ಹೋಗದ ನಗು. ನನಗೆ ಆ ಕ್ಷಣವೇ ಅರ್ಥವಾಯಿತು. ಅಪ್ಪ ಅಲ್ಲಿ ಸೀರೆಯನ್ನು ತೋರಿಸುತ್ತಿರಲಿಲ್ಲ, ನನ್ನನ್ನು ತೋರಿಸುತ್ತಿದ್ದರು. ತಮ್ಮ ತಲೆಯ ಮೇಲೆ ತಪ್ಪು ಎಳೆದುಕೊಂಡು ನನ್ನನ್ನು ಹಾಗೇ ಉಳಿಸಿದ್ದರು. ನಾನೇ ಬಂದು ಕೆಡವಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಊಟವಾಯಿತು. ದೊಡ್ಡವರು ಜಮಖಾನದ ಮೇಲೆ ಎಲೆಯಡಿಕೆಗೆ ಕೂತರು. ಅಪ್ಪನೂ ಕೂತರು. ಮಾವನವರು ಮಳೆಯ ವಿಷಯ ಮಾತಾಡಿದರು, ನೂಲಿನ ಧಾರಣೆಯ ವಿಷಯ ಮಾತಾಡಿದರು. ಅಪ್ಪ ಹೂಂ ಹೂಂ ಅನ್ನುತ್ತಾ ಸುಣ್ಣದ ಡಬ್ಬಿಯನ್ನು ತಿರುಗಿಸುತ್ತಾ ಇದ್ದರು. ನಾನು ಕಂಬದ ಹಿಂದೆ ನಿಂತು ಕಾದೆ. ಅಪ್ಪ ಕೇಳಲಿಲ್ಲ.

ಕೆಲವು ವಾರಗಳ ಮೇಲೆ ವಾತ್ಯಾರ್ ನಮ್ಮ ಮನೆಗೆ, ಅಂದರೆ ನನ್ನ ಗಂಡನ ಮನೆಗೆ, ಬಂದರು. ಕಾಲೇಜುಗಳಲ್ಲಿ ಇನ್ನೂ ಅರ್ಜಿ ತೆಗೆದುಕೊಳ್ಳುತ್ತಿದ್ದ ಸಮಯ. ಕಾಫಿ ಕೊಡಲು ಹೋದರೆ ಎಲ್ಲರ ಎದುರಿಗೇ ಕೇಳಿದರು, "ಮುಂದಕ್ಕೆ ಎಲ್ಲಿ ಸೇರ್ತಾ ಇದೀಯಮ್ಮಾ?"

ಮಾವನವರು ನನ್ನ ಮುಖ ನೋಡಿದರು. "ಓದೋದಿದ್ರೆ ಓದ್ಲಿ, ನಾವೇನು ಬ್ಯಾಡ ಅಂದ್ವಾ? ಅವರಪ್ಪ ಮತ್ತೆ ಕೇಳಲೇ ಇಲ್ಲ" ಅಂದರು. ನನ್ನ ಗಂಡನೂ "ಓದು" ಅಂದರು. ಯಾರೂ ಅಡ್ಡ ಬರಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ಆದರೆ ವಾತ್ಯಾರರ ಕಣ್ಣು ನನ್ನ ಮೇಲಿತ್ತು, ಆ ಕಣ್ಣಿನಲ್ಲಿ ನನಗೆ ಎಪ್ಪತ್ತೊಂದು ಬಿಟ್ಟು ಬೇರೇನೂ ಕಾಣಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳುವುದನ್ನು ನೆನೆದು ಕಾಫಿಯ ಲೋಟವನ್ನು ಅವರ ಮುಂದಿಟ್ಟೆ.

"ಓದಿದ್ದು ಸಾಕು ಮಾವ" ಅಂದೆ.

ತಲೆ ದೀಪಾವಳಿಗೆ, ಅಂದರೆ ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ, ತವರಿಗೆ ಹೋದೆವು. ಅದೇ ಸೀರೆ ಉಟ್ಟಿದ್ದೆ. ಗ್ರಹಚಾರ, ಉಡದಿದ್ದರೆ ಅಮ್ಮ ಬಿಡುತ್ತಿರಲಿಲ್ಲ. ನನ್ನ ಗಂಡ ಬೀದಿಯ ಪವರ್‌ಲೂಮ್‌ಗಳನ್ನು ನೋಡಿಬರಲು ಹೋಗಿದ್ದರು. ಅಪ್ಪ ಗುಂಡಿಯಲ್ಲಿ ಕೂತು ಹೊಸ ಹಾಸಿನ ಕಿತ್ತುಹೋದ ಎಳೆಗಳನ್ನು ಹೊಸೆಯುತ್ತಿದ್ದರು. ನಾನು ಪಕ್ಕದಲ್ಲಿ ಹಳೆಯ ಜಾಗದಲ್ಲೇ ಕೂತೆ.

"ಅಪ್ಪಾ, ಈ ಕೆಂಪೆಳೆ ಎಳೆದು ತೆಗೆದ್‌ಬಿಡ್ಲಾ?"

"ತೆಗೆದ್ರೆ ಆ ಜಾಗ ಬಾಯ್ ಬಿಡ್ತದೆ. ಗೆರೆ ಇನ್ನೂ ದೊಡ್ಡದಾಗಿ ಕಾಣ್ತದೆ" ಅಂದರು ಅಪ್ಪ, ತಲೆ ಎತ್ತದೆ. ಆಮೇಲೆ ಅಂದರು, "ವಾತ್ಯಾರ್ ಕೇಳಿದ್ರಂತೆ. ನೀನೇ ಬ್ಯಾಡ ಅಂದ್ಯಂತೆ."

"ಹೂಂ."

"ನಾನ್ ತಪ್ಪು ಒಪ್ಕೊಂಡಿದ್ನಲ್ಲ ಕಣ್ಣು. ನೇಯೋನು ಕಣಕ್ಕು ತಪ್ಪಿದ್ರೆ ಯಾರಿಗೆ ನಷ್ಟ? ನೀನ್ಯಾಕೆ ಬಾಯ್ ಬಿಟ್ಟೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಏನಾದರೂ ಕೊಡಬೇಕು ಅನ್ನಿಸಿತು ನನಗೆ, ಆ ಹಾಳಾದ ಸಂಖ್ಯೆಯಿಂದಲೇ ಅಪ್ಪನಿಗೆ ಏನಾದರೂ ಹಿಂದಕ್ಕೆ ಕೊಡಬೇಕು. ನನ್ನ ಹತ್ತಿರ ಒಂದಿತ್ತು.

"ಅಪ್ಪಾ, ಮೇಲೊಂದು ಹಾಕೋ ಬದಲು ಒಂದು ಕಮ್ಮಿ ಮಾಡಿದ್ರೆ ಸರಿಹೋಗ್ತಿತ್ತು. ಐದು ಸಾವಿರದ ಮೂವತ್ತೊಂಬತ್ತು. ಅದನ್ನ ಯಾವುದೂ ಭಾಗಿಸಲ್ಲ."

ಅಪ್ಪನಿಗೆ ನಗು ಬಂತು. "ಮದುವೆಗೆ ಒಂದು ಕಮ್ಮಿ ಮಾಡಿ ಯಾರ್ ಕೊಡ್ತಾರೆ ಕಣ್ಣು? ತೊಂಬತ್ತೊಂಬತ್ತು ಮುಯ್ಯಿ ಇಟ್ಟವರ್ನ ಕಂಡಿದೀಯಾ?" ಅಂದರು. ನಗುತ್ತಲೇ ಬೆರಳಲ್ಲಿದ್ದ ಎಳೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು. ಆ ಹಳೆಯ ಭಾನುವಾರದ ಬೆಳಕು ಸ್ವಲ್ಪ ಅವರ ಮುಖಕ್ಕೆ ಬಂದಿತ್ತು. ಬಂದು, ಅರ್ಧದಲ್ಲೇ ನಿಂತಿತು.

"ನಿಜವಾ?" ಅಂತ ಕೇಳಿದರು.

ನಿಜವೇ ಆಗಿತ್ತು. ಗಂಡನ ಮನೆಯ ಅಡುಗೆಮನೆಯಲ್ಲಿ, ಹಿತ್ತಲಿನ ಕಲ್ಲಿನ ಮೇಲೆ, ಎಷ್ಟು ಸಲ ಅದನ್ನು ಹಾಕಿ ನೋಡಿದ್ದೆನೋ ಲೆಕ್ಕವಿಲ್ಲ. ಎಪ್ಪತ್ತೊಂದರಿಂದಲೂ ಭಾಗಿಸಿದ್ದೆ, ಬೇಕಿಲ್ಲದಿದ್ದರೂ ಅದರಾಚೆಗೂ ಹೋಗಿದ್ದೆ. ಜಗತ್ತಿನಲ್ಲಿ ಆವತ್ತು ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ. ಹೌದು ಅನ್ನಲು ಬಾಯಿ ತೆರೆದೆ.

"ಒಂದ್ಸಲ ವಾತ್ಯಾರನ್ನ ಕೇಳಿ ಹೇಳ್ತೀನಪ್ಪಾ" ಅಂದೆ.